ವಿಶೇಷಚೇತನ ಮಕ್ಕಳ ತಂದೆತಾಯಿಗಳಿಗೆ ದೊರೆಯುವ ಆರ್ಥಿಕ ನೆರವು



ಪ್ರತಿ ಅಮಾವಾಸ್ಯೆಯಂದು ಶ್ರೀಮಠಕ್ಕೆ ಬರುವ ಭಕ್ತರ ಸಾಲಿನಲ್ಲಿ ಮಗುವನ್ನು ಎತ್ತಿಕೊಂಡ ತಾಯಂದಿರು ಹಲವರಿರುತ್ತಾರೆ. ಅವರಲ್ಲಿ ಇಬ್ಬರೋ ಮೂವರೋ ಎತ್ತಿಕೊಂಡಿರುವುದು ಎಳೆಗೂಸನ್ನಲ್ಲ; ಎಂಟು ಹತ್ತು ವರ್ಷ ತುಂಬಿದ ಮಗುವನ್ನು. ನಡೆಯಲಾರದ, ಕತ್ತು ನಿಲ್ಲದ, ಮಾತು ಬಾರದ ಆ ಕಂದನನ್ನು ಹೆಗಲಿಗೆ ಆನಿಸಿಕೊಂಡು ಹರಿಹರದಿಂದಲೋ, ಮಲೇಬೆನ್ನೂರಿನಿಂದಲೋ, ದಾವಣಗೆರೆಯ ಹಳೆಯ ಊರಿನ ಯಾವುದೋ ಓಣಿಯಿಂದಲೋ ಬಂದಿರುತ್ತಾರೆ. ಶ್ರೀಗಳ ದರ್ಶನವಾದ ಬಳಿಕ ಕಾರ್ಯಾಲಯದ ಪಡಸಾಲೆಯಲ್ಲಿ ಕೊಂಚ ಹೊತ್ತು ಕುಳಿತು ದಣಿವಾರಿಸಿಕೊಳ್ಳುವಾಗ ನಾನು ಒಂದು ಮಾತು ಕೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ: "ಮಗುವಿನ ಕಾರ್ಡು ಮಾಡಿಸಿದ್ದೀರೇನವ್ವ?"

ಬಹಳಷ್ಟು ಸಲ ಉತ್ತರವಾಗಿ ಬರುವುದು ಮೌನ. ಒಬ್ಬ ತಾಯಿ ಮಾತ್ರ ಬಾಯಿಬಿಟ್ಟು ಹೇಳಿದ್ದರು: "ಕಾರ್ಡ್ ಮಾಡ್ಸಿದ್ರೆ ಊರಿಗೆಲ್ಲ ಗೊತ್ತಾಗ್ತೈತಿ ಸರ್. ಇವನ ಮ್ಯಾಲೆ ಒಬ್ಬಾಕಿ ಮಗಳದಾಳ. ನಾಳೆ ಅವಳಿಗೆ ಗಂಡು ಬರ್ತಾವೇನ್ರೀ?" ಆ ತಾಯಿಗೆ ಬುದ್ಧಿ ಹೇಳುವಷ್ಟು ದೊಡ್ಡವನು ನಾನಲ್ಲ. ಆದರೆ ಊರಿಗೆ ಗೊತ್ತಾಗಬಾರದೆಂದು ಮುಚ್ಚಿಟ್ಟ ಆ ಹತ್ತು ವರ್ಷಗಳಲ್ಲಿ ಮಗುವಿನ ಹೆಸರಿಗೆ ಬರಬೇಕಾಗಿದ್ದ ಹಣವೆಷ್ಟು, ಚಿಕಿತ್ಸೆಯೆಷ್ಟು ಎಂಬುದನ್ನು ಲೆಕ್ಕ ಹಾಕಿದಾಗ ಎದೆ ಭಾರವಾಯಿತು. ಮಾಸಾಶನವು ಮಂಜೂರಾದ ಮೇಲೆ ಮುಂದಕ್ಕೆ ಸಲ್ಲುತ್ತದೆಯೇ ಹೊರತು ಅರ್ಜಿ ಹಾಕದೆ ಕಳೆದ ವರ್ಷಗಳ ಬಾಬ್ತು ಯಾರೂ ತಂದು ಕೊಡುವುದಿಲ್ಲ. ಈ ಬರಹದ ಉದ್ದೇಶವಿಷ್ಟೆ: ಇಂತಹ ಮಗುವನ್ನು ಸಾಕುತ್ತಿರುವ ಮನೆಗೆ ಸರ್ಕಾರದಿಂದ, ಕಾನೂನಿನಿಂದ ದೊರೆಯುವುದೇನು, ಅದನ್ನು ಯಾವ ಕ್ರಮದಲ್ಲಿ ಕೇಳಬೇಕು ಎಂಬುದನ್ನು ನಮ್ಮ ದಾವಣಗೆರೆ ಮತ್ತು ಹರಿಹರದ ಭಕ್ತರಿಗೆ ತಿಳಿಸುವುದು.

ಮೊದಲು ಪ್ರಮಾಣಪತ್ರ

ಎಲ್ಲ ಬಾಗಿಲುಗಳಿಗೂ ಒಂದೇ ಬೀಗದ ಕೈ. ಅದು ಯು.ಡಿ.ಐ.ಡಿ. ಎಂದು ಕರೆಯಲಾಗುವ ವಿಶಿಷ್ಟ ಗುರುತಿನ ಚೀಟಿ ಮತ್ತು ಅದರೊಂದಿಗೆ ದೊರೆಯುವ ಅಂಗವೈಕಲ್ಯ ಪ್ರಮಾಣಪತ್ರ. 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ನ್ಯೂನತೆಗಳಿಗೆ ಮಾತ್ರ ಮಾನ್ಯತೆ ಇತ್ತು. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಈ ಸಂಖ್ಯೆಯನ್ನು 21ಕ್ಕೆ ಏರಿಸಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಕಲಿಕಾ ನ್ಯೂನತೆ, ತಲಸ್ಸೀಮಿಯಾ, ಹಿಮೋಫಿಲಿಯಾ ಇವೆಲ್ಲವೂ ಈಗ ಪಟ್ಟಿಯಲ್ಲಿವೆ. "ನಮ್ಮ ಹುಡುಗನಿಗೆ ಕೈಕಾಲು ಗಟ್ಟಿಯಾಗಿವೆ, ಅವನು ಅಂಗವಿಕಲ ಹೇಗಾದಾನು?" ಎಂದು ಆಟಿಸಂ ಇರುವ ಬಾಲಕನ ಅಜ್ಜನೊಬ್ಬರು ನನ್ನೊಡನೆ ವಾದಕ್ಕೆ ನಿಂತಿದ್ದರು. ಕಾನೂನು ಕೈಕಾಲನ್ನಷ್ಟೇ ನೋಡುವ ಕಾಲ ಹೋಗಿದೆ.

ಅರ್ಜಿಯನ್ನು ಸ್ವಾವಲಂಬನ್ ಜಾಲತಾಣದಲ್ಲಿ ಸಲ್ಲಿಸಬೇಕು. ಮಗುವಿನ ಆಧಾರ್, ಭಾವಚಿತ್ರ, ವಿಳಾಸದ ದಾಖಲೆ ಇದ್ದರೆ ಸೈಬರ್ ಕೇಂದ್ರದಲ್ಲಿಯೂ ಮಾಡಿಸಿಕೊಳ್ಳಬಹುದು. ಬಳಿಕ ವೈದ್ಯರ ತಪಾಸಣೆಗೆ ಕರೆ ಬರುತ್ತದೆ. ನಮ್ಮ ಜಿಲ್ಲೆಯವರು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯನ್ನು ಆಯ್ದುಕೊಳ್ಳುವುದು ಅನುಕೂಲ. ಹಿಂದಿನ ಚಿಕಿತ್ಸೆಯ ಚೀಟಿಗಳು, ಹೆರಿಗೆ ಆಸ್ಪತ್ರೆಯ ಬಿಡುಗಡೆ ಪತ್ರ, ಬುದ್ಧಿಮಟ್ಟದ ಪರೀಕ್ಷೆ ಆಗಿದ್ದರೆ ಅದರ ವರದಿ ಇವನ್ನೆಲ್ಲ ಒಂದೇ ಕಡತದಲ್ಲಿಟ್ಟು ಒಯ್ಯಿರಿ. ಮಗು ಅಂದು ಹುಷಾರಾಗಿ ನಗುನಗುತ್ತ ಇದ್ದರೆ ವೈದ್ಯರ ಮುಂದೆ ಅದರ ಕಷ್ಟಗಳು ಕಾಣದೆ ಹೋಗಬಹುದು. ಆದ್ದರಿಂದ ದಿನನಿತ್ಯದ ಸಂಗತಿಗಳನ್ನು, ಅಂದರೆ ಉಣ್ಣಿಸಬೇಕೇ, ಬಟ್ಟೆ ಹಾಕಬೇಕೇ, ರಾತ್ರಿ ಎಷ್ಟು ಸಲ ಏಳುತ್ತದೆ, ಫಿಟ್ಸ್ ಬರುತ್ತದೆಯೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗುವುದು ಲೇಸು. ಇದರಲ್ಲಿ ಉತ್ಪ್ರೇಕ್ಷೆ ಬೇಡ, ಮುಚ್ಚುಮರೆಯೂ ಬೇಡ.

ಪ್ರಮಾಣಪತ್ರದಲ್ಲಿ ನಮೂದಾಗುವ ಶೇಕಡಾವಾರು ಅಂಕಿಯ ಮೇಲೆ ಮುಂದಿನ ಸವಲತ್ತುಗಳೆಲ್ಲ ನಿಂತಿವೆ. ಶೇ. 40 ಮುಟ್ಟಿದರೆ ಹೆಚ್ಚಿನ ಯೋಜನೆಗಳಿಗೆ ಅರ್ಹತೆ. ರಾಜ್ಯದ ಮಾಸಾಶನದಲ್ಲಿ ಶೇ. 75 ಮುಖ್ಯ, ಆದಾಯ ತೆರಿಗೆಯಲ್ಲಿ ಶೇ. 80. 2024ರ ಅಕ್ಟೋಬರ್ ತಿಂಗಳ ತಿದ್ದುಪಡಿಯಂತೆ ಚೀಟಿಯ ಬಣ್ಣದಲ್ಲಿಯೇ ಇದು ತಿಳಿಯುತ್ತದೆ. ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ಒಳಗಿದ್ದರೆ ಹಳದಿ, 80 ಮತ್ತು ಅದಕ್ಕಿಂತ ಮೇಲಿದ್ದರೆ ನೀಲಿ. ನಿರ್ಣಯ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಸಲ್ಲಿಸುವ ಅವಕಾಶವನ್ನು ಕಾಯ್ದೆಯೇ ಕೊಟ್ಟಿದೆ.

ಇಲ್ಲೊಂದು ಎಚ್ಚರಿಕೆಯನ್ನು ಸ್ವಂತ ಮನೆಯ ಅನುಭವದಿಂದ ಹೇಳಬೇಕಾಗಿದೆ. ನನ್ನ ಅಕ್ಕನ ಮಗನಿಗೆ ಬೌದ್ಧಿಕ ವೈಕಲ್ಯವಿದೆ. ಬೆಳೆಯುವ ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದು ಅವಧಿ ನಮೂದಿಸಿದ ತಾತ್ಕಾಲಿಕ ಪ್ರಮಾಣಪತ್ರ. ಅವನಿಗೂ ಹಾಗೆಯೇ ಕೊಟ್ಟಿದ್ದರು. ಅದನ್ನು ಲ್ಯಾಮಿನೇಷನ್ ಮಾಡಿಸಿ, ದೇವರ ಜಗಲಿಯ ಪಕ್ಕದ ಗೂಡಿನಲ್ಲಿ ಭದ್ರವಾಗಿಟ್ಟೆವು. ಅದರ ಕೆಳತುದಿಯಲ್ಲಿದ್ದ ದಿನಾಂಕವನ್ನು ಕನ್ನಡ ಎಂ.ಎ. ಓದಿದ ನಾನಾಗಲಿ, ಮನೆಯ ಇತರರಾಗಲಿ ನೋಡಲಿಲ್ಲ. ಅವಧಿ ಮುಗಿಯಿತು, ಮಾಸಾಶನ ನಿಂತಿತು. ಬ್ಯಾಂಕಿನ ಪುಸ್ತಕ ತುಂಬಿಸಲು ಅಕ್ಕ ಹೋಗುತ್ತಿದ್ದುದೇ ವರ್ಷಕ್ಕೊಮ್ಮೆ. ಹೀಗಾಗಿ ನಮಗೆ ತಿಳಿಯುವ ವೇಳೆಗೆ ಹದಿನಾಲ್ಕು ತಿಂಗಳು ಕಳೆದಿದ್ದವು. ತಪ್ಪು ನಮ್ಮದೇ. ಈಗ ಆ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದೇವೆ.

ಮಾಸಾಶನ ಮತ್ತು ಆರೈಕೆಯ ಭತ್ಯೆ

ರಾಜ್ಯ ಸರ್ಕಾರದ ಅಂಗವಿಕಲರ ಮಾಸಾಶನಕ್ಕೆ ವಯಸ್ಸಿನ ಮಿತಿಯಿಲ್ಲ. ಚಿಕ್ಕ ಮಗುವಿಗೂ ದೊರೆಯುತ್ತದೆ. ಅರ್ಜಿ ಹಾಕಬೇಕಾದುದು ವಿಕಲಚೇತನರ ಇಲಾಖೆಯಲ್ಲಿ ಅಲ್ಲ, ಕಂದಾಯ ಇಲಾಖೆಗೆ ಸೇರಿದ ನಾಡಕಚೇರಿಯಲ್ಲಿ. ಈ ಗೊಂದಲದಿಂದಲೇ ಎಷ್ಟೋ ಜನ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದಿದ್ದಾರೆ. ಶೇ. 40ರಿಂದ 75ರೊಳಗಿನ ವೈಕಲ್ಯಕ್ಕೆ ತಿಂಗಳಿಗೆ 800 ರೂಪಾಯಿ, ಅದಕ್ಕೂ ಮೇಲ್ಪಟ್ಟವರಿಗೆ 1,400 ರೂಪಾಯಿ, ತೀವ್ರ ಬೌದ್ಧಿಕ ವೈಕಲ್ಯವಿರುವವರಿಗೆ 2,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿಯ ಒಳಗಿರಬೇಕೆಂಬ ಷರತ್ತಿದೆ. ಹಣ ನೇರವಾಗಿ ಖಾತೆಗೆ ಬರುವುದರಿಂದ ಮಗುವಿನ ಹೆಸರಿನಲ್ಲಿ, ತಾಯಿ ಅಥವಾ ತಂದೆ ಪೋಷಕರಾಗಿರುವ ಖಾತೆ ತೆರೆದು ಅದಕ್ಕೆ ಆಧಾರ್ ಜೋಡಿಸಿರಬೇಕು.

ತಿಂಗಳಿಗೆ ಮೂರು ಸಾವಿರವೂ ಇಲ್ಲದ ಆದಾಯದಲ್ಲಿ ಇಂದು ಯಾವ ಕುಟುಂಬ ಬದುಕೀತು? ದಾವಣಗೆರೆಯಲ್ಲಿ ಆಟೋ ಓಡಿಸುವವನೂ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವನೂ ಇದಕ್ಕಿಂತ ಹೆಚ್ಚು ಗಳಿಸುತ್ತಾರೆ. ಆ ಮಿತಿಯನ್ನು ಏರಿಸಬೇಕೆಂಬುದು ನನ್ನ ಅಭಿಪ್ರಾಯ. ಆದರೆ ನಾನು ಇಲ್ಲಿ ಒತ್ತಿ ಹೇಳಬೇಕಾದುದು ಬೇರೆ. ಮಾಸಾಶನದ ಅರ್ಜಿ ಆದಾಯದ ಕಾರಣದಿಂದ ತಿರಸ್ಕೃತವಾದೊಡನೆ "ನಮಗೇನೂ ಸಿಗುವುದಿಲ್ಲ" ಎಂದು ತೀರ್ಮಾನಿಸಿ ಪ್ರಮಾಣಪತ್ರವನ್ನೇ ಮೂಲೆಗಿಡುವ ಮನೆಗಳಿವೆ. ಅದು ದೊಡ್ಡ ತಪ್ಪು. ಮುಂದೆ ಹೇಳಲಿರುವ ನಿರಾಮಯ ವಿಮೆಗೆ, ಆದಾಯ ತೆರಿಗೆಯ ವಿನಾಯಿತಿಗೆ, ರೈಲಿನ ರಿಯಾಯಿತಿಗೆ, ಕಾರ್ಖಾನೆ ನೌಕರರ ಪಿಂಚಣಿಗೆ ಬಡತನದ ಷರತ್ತಿಲ್ಲ. ಬಡವರಿಗೆಂದು ಇರುವುದು ಒಂದು ಬಾಗಿಲು ಮಾತ್ರ. ಉಳಿದವು ಎಲ್ಲರಿಗೂ ತೆರೆದಿವೆ.

ಮಾಸಾಶನ ಮಗುವಿನದು. ಮಗುವನ್ನು ನೋಡಿಕೊಳ್ಳುವವರಿಗೆ ಏನು? ಈ ಪ್ರಶ್ನೆಯನ್ನು 2016ರ ಕಾಯ್ದೆ ಎತ್ತಿಕೊಂಡಿದೆ. ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತು ಅದರ 24ನೆಯ ಸೆಕ್ಷನ್ನಿನಲ್ಲಿದೆ. ನಮ್ಮ ರಾಜ್ಯದಲ್ಲಿ 2024ರ ಫೆಬ್ರವರಿಯಲ್ಲಿ ಮಂಡನೆಯಾದ ಆಯವ್ಯಯದಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆ ಪ್ರಕಟವಾಯಿತು. ಮಕ್ಕಳ ಮಟ್ಟಿಗೆ ಮೊದಲಿನ ಎರಡು ಮುಖ್ಯ. ಇದನ್ನು ನೋಡಿಕೊಳ್ಳುವುದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ವಿಚಾರಿಸಬೇಕಾದುದು ದಾವಣಗೆರೆಯ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ. ಮೊತ್ತ ಸಣ್ಣದು. ಆದರೂ ಹೊರಗೆ ದುಡಿಯಲು ಹೋಗಲಾರದೆ ಮನೆಯಲ್ಲೇ ಉಳಿದ ತಾಯಿಯ ದುಡಿಮೆಯನ್ನು ಸರ್ಕಾರ ದುಡಿಮೆಯೆಂದು ಎಣಿಸಿತಲ್ಲ, ಅದಕ್ಕೆ ಬೆಲೆಯಿದೆ. ಇಂಗ್ಲೆಂಡಿನಲ್ಲಿ ವಾರಕ್ಕೆ 35 ಗಂಟೆ ಇಂತಹ ಆರೈಕೆಯಲ್ಲಿ ತೊಡಗಿದವರಿಗೆ ಪ್ರತ್ಯೇಕ ಭತ್ಯೆ ಕೊಡುವ ಪದ್ಧತಿ ಬಹಳ ಹಿಂದಿನಿಂದ ಇದೆ. ಕಾಯಕವೇ ಕೈಲಾಸವೆಂದು ನಂಬಿದ ನಾಡಿನಲ್ಲಿ ರಾತ್ರಿಯಿಡೀ ಮಗುವಿನ ಮಗ್ಗುಲು ಬದಲಿಸುವುದು ಕಾಯಕವಲ್ಲದೆ ಮತ್ತೇನು? ನಾಲ್ಕೇ ಕಾಯಿಲೆಗಳಿಗೆ ನಿಂತಿರುವ ಈ ಭತ್ಯೆ ಆಟಿಸಂ ಮತ್ತು ತೀವ್ರ ಬೌದ್ಧಿಕ ವೈಕಲ್ಯದ ಮಕ್ಕಳ ಮನೆಗಳಿಗೂ ಬರಬೇಕೆಂದು ಜನಪ್ರತಿನಿಧಿಗಳಲ್ಲಿ ಕೇಳುವುದು ನ್ಯಾಯವಾದ ಬೇಡಿಕೆ. ಬೀದಿಗೆ ಓಡುವ ಹದಿಮೂರು ವರ್ಷದ ಹುಡುಗನನ್ನು ಕಾಯುವ ತಾಯಿಯ ದಿನವೂ ಅಷ್ಟೇ ಉದ್ದವಾಗಿರುತ್ತದೆ.

ಚಿಕಿತ್ಸೆಯ ಖರ್ಚು

ಮನೆಯ ಹಣ ಸೋರಿಹೋಗುವುದು ಚಿಕಿತ್ಸೆಯಲ್ಲಿ. ಒಂದು ದೊಡ್ಡ ಶಸ್ತ್ರಚಿಕಿತ್ಸೆಗೆ ಸಾಲ ಮಾಡಿ ತೀರಿಸಬಹುದು. ಆದರೆ ವಾರಕ್ಕೆ ಮೂರು ಬಾರಿ ಫಿಸಿಯೋಥೆರಪಿ, ಎರಡು ಬಾರಿ ಮಾತಿನ ತರಬೇತಿ, ತಿಂಗಳಿಗೆ ಫಿಟ್ಸ್ ಮಾತ್ರೆ ಎಂದು ವರ್ಷಗಟ್ಟಲೆ ನಡೆಯುವ ಖರ್ಚು ಯಾವ ಸಾಮಾನ್ಯ ಆರೋಗ್ಯ ವಿಮೆಯಲ್ಲಿಯೂ ಅಡಕವಾಗುವುದಿಲ್ಲ. ಅದಕ್ಕಾಗಿಯೇ ಇರುವುದು ನಿರಾಮಯ.

1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಸ್ಥಾಪನೆಯಾದ ನ್ಯಾಷನಲ್ ಟ್ರಸ್ಟ್ ಈ ವಿಮೆಯನ್ನು ನಡೆಸುತ್ತಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯ ಈ ನಾಲ್ಕಕ್ಕೆ ಇದು ಅನ್ವಯ. ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ರಕ್ಷಣೆ. ಮೊದಲ ನೋಂದಣಿಗೆ ಬಡತನ ರೇಖೆಗಿಂತ ಕೆಳಗಿನವರಿಗೆ 250, ಉಳಿದವರಿಗೆ 500 ರೂಪಾಯಿ. ನವೀಕರಣಕ್ಕೆ ಕ್ರಮವಾಗಿ 50 ಮತ್ತು 250 ರೂಪಾಯಿ. ವಿಮೆಗೆ ಮೊದಲು ವೈದ್ಯಕೀಯ ತಪಾಸಣೆಯಿಲ್ಲ, ಮೊದಲೇ ಇದ್ದ ಕಾಯಿಲೆಯೆಂದು ತಳ್ಳಿಹಾಕುವಂತಿಲ್ಲ. ಹೊರರೋಗಿ ಚಿಕಿತ್ಸೆ, ಔಷಧ, ತಪಾಸಣೆ, ನಿರಂತರ ಥೆರಪಿ, ಆಸ್ಪತ್ರೆಗೆ ಹೋಗಿಬರುವ ಖರ್ಚು ಪ್ರತಿಯೊಂದಕ್ಕೂ ಒಂದೊಂದು ಮಿತಿ ಗೊತ್ತುಮಾಡಲಾಗಿದೆ. ಮೊದಲು ನಾವು ಖರ್ಚು ಮಾಡಿ ರಸೀದಿ ಸಲ್ಲಿಸಿ ಹಿಂಪಡೆಯುವ ಕ್ರಮವಿದು. ಆದ್ದರಿಂದ ಔಷಧದಂಗಡಿಯ ಬಿಲ್ಲಿನಲ್ಲಿ ಮಗುವಿನ ಹೆಸರೂ ವೈದ್ಯರ ಹೆಸರೂ ಇರುವಂತೆ ನೋಡಿಕೊಳ್ಳಬೇಕು. ಕೈಬರಹದ ಬಿಳಿ ಚೀಟಿ ಉಪಯೋಗಕ್ಕೆ ಬಾರದು. ವಿಮೆಯ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಯುಗಾದಿಯ ಸುಮಾರಿಗೆ ನವೀಕರಣದ ನೆನಪು ಮಾಡಿಕೊಂಡರೆ ಸರಿಹೋಗುತ್ತದೆ.

ಥೆರಪಿಗಾಗಿ ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ ಎಂಬುದು ನಮ್ಮ ಊರಿನ ಭಾಗ್ಯ. ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ, ಜನರ ಬಾಯಲ್ಲಿ ಸಿ.ಆರ್.ಸಿ., ದಾವಣಗೆರೆಯಲ್ಲಿಯೇ ಇದೆ. ಸಿಕಂದರಾಬಾದಿನ ರಾಷ್ಟ್ರೀಯ ಬೌದ್ಧಿಕ ವಿಕಲಚೇತನರ ಸಂಸ್ಥೆಯ ಆಡಳಿತಕ್ಕೆ ಸೇರಿದ ಈ ಕೇಂದ್ರದಲ್ಲಿ ಫಿಸಿಯೋಥೆರಪಿ, ಮಾತು ಮತ್ತು ಶ್ರವಣ ಪರೀಕ್ಷೆ, ಮನಃಶಾಸ್ತ್ರೀಯ ಪರೀಕ್ಷೆ, ವಿಶೇಷ ಶಿಕ್ಷಣದ ಸೇವೆಗಳು ದೊರೆಯುತ್ತವೆ. ಹರಿಹರದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ನೆರೆಯ ಜಿಲ್ಲೆಗಳ ಜನ ಹುಡುಕಿಕೊಂಡು ಬರುವ ಕೇಂದ್ರವನ್ನು ಊರಿನವರೇ ಅರಿಯದಿರುವುದು ಸರಿಯಲ್ಲ.

ಗಾಲಿಕುರ್ಚಿ, ಶ್ರವಣಯಂತ್ರ, ಕ್ಯಾಲಿಪರ್ ಮುಂತಾದ ಸಾಧನಗಳು ಕೇಂದ್ರದ ಅಡಿಪ್ ಯೋಜನೆಯಲ್ಲಿ ಸಿಗುತ್ತವೆ. ತಿಂಗಳ ಆದಾಯ 22,500 ರೂಪಾಯಿವರೆಗೆ ಇದ್ದರೆ ಉಚಿತ, 30,000ದವರೆಗೆ ಇದ್ದರೆ ಅರ್ಧ ಬೆಲೆ. ಹುಟ್ಟಿನಿಂದ ಕಿವಿ ಕೇಳದ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಗೂ ಇದೇ ಯೋಜನೆಯಲ್ಲಿ ಅವಕಾಶವಿದೆ, ಆದರೆ ಐದು ವರ್ಷದೊಳಗೆ. "ಇವರಪ್ಪನಿಗೂ ಮಾತು ತಡವಾಗಿಯೇ ಬಂದಿತ್ತು" ಎಂದು ಕಾಯುತ್ತ ಕೂರುವ ಅಜ್ಜಿಯರು ದಯವಿಟ್ಟು ಈ ಐದನ್ನು ನೆನಪಿಡಬೇಕು.

ಓಡಾಟಕ್ಕೆ ಸಂಬಂಧಿಸಿ ಎರಡು ಮಾತು. ರೈಲಿನಲ್ಲಿ ಜೊತೆಗಾರರಿಲ್ಲದೆ ಪ್ರಯಾಣಿಸಲಾರದ ಬೌದ್ಧಿಕ ವೈಕಲ್ಯದ ಅಥವಾ ದೈಹಿಕ ವೈಕಲ್ಯದ ಮಗುವಿಗೆ ಸ್ಲೀಪರ್ ಮತ್ತು ಮೂರನೆಯ ದರ್ಜೆ ಹವಾನಿಯಂತ್ರಿತ ಬೋಗಿಗಳಲ್ಲಿ ಶೇ. 75 ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ. ಇದಕ್ಕೆ ರೈಲ್ವೆಯದೇ ನಮೂನೆಯಲ್ಲಿ ಪ್ರಮಾಣಪತ್ರ ಬೇಕು. ದಾವಣಗೆರೆ, ಹರಿಹರ ಎರಡೂ ನಿಲ್ದಾಣಗಳು ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿವೆ. ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಮೇಲಿಂದ ಮೇಲೆ ಹೋಗುವವರಿಗೆ ಇದು ದೊಡ್ಡ ಉಳಿತಾಯ. ಸರ್ಕಾರಿ ಬಸ್ಸಿನಲ್ಲಿ ವರ್ಷಕ್ಕೆ 660 ರೂಪಾಯಿಯ ಪಾಸು ಮಾಡಿಸಿದರೆ ವಾಸಸ್ಥಳದಿಂದ 100 ಕಿಲೋಮೀಟರಿನವರೆಗೆ ಮಗು ಓಡಾಡಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ತಾಯಂದಿರಿಗೂ ಹೆಣ್ಣುಮಕ್ಕಳಿಗೂ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಚಿಂತೆಯಿಲ್ಲ. ಗಂಡುಮಕ್ಕಳಿಗೆ ಈ ಪಾಸು ಬೇಕೇ ಬೇಕು.

ಶಾಲೆ

6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಇಂತಹ ಮಕ್ಕಳ ಹಕ್ಕು. ಇತರ ಮಕ್ಕಳಿಗೆ ಹದಿನಾಲ್ಕಕ್ಕೆ ನಿಲ್ಲುವ ಹಕ್ಕು ಇವರಿಗೆ ಹದಿನೆಂಟರವರೆಗೆ ಇದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಪ್ರಯಾಣ ಭತ್ಯೆ, ಶಾಲೆಗೆ ಕರೆದೊಯ್ಯುವ ಬೆಂಗಾವಲಿನವರಿಗೆ ಭತ್ಯೆ, ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ ಪ್ರೋತ್ಸಾಹಧನ ಇವೆ. ಹಾಸಿಗೆ ಬಿಟ್ಟೇಳಲಾರದ ಮಗುವಿದ್ದರೆ ಶಿಕ್ಷಕರೇ ಮನೆಗೆ ಬಂದು ಕಲಿಸುವ ಗೃಹಾಧಾರಿತ ಶಿಕ್ಷಣಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಕೇಳಬೇಕು. ಒಂಬತ್ತನೆಯ ತರಗತಿಯಿಂದ ಮೇಲಕ್ಕೆ, ಪೋಷಕರ ವಾರ್ಷಿಕ ಆದಾಯ ಎರಡೂವರೆ ಲಕ್ಷದೊಳಗಿದ್ದರೆ, ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನವಿದೆ. ಅದಕ್ಕಿಂತ ಕೆಳಗಿನ ತರಗತಿಗಳಿಗೆ ರಾಜ್ಯದ ವಿದ್ಯಾರ್ಥಿವೇತನವಿದೆ.

ನೌಕರಿಯಲ್ಲಿರುವ ತಂದೆತಾಯಿಗಳಿಗೆ

ನಮ್ಮ ಭಕ್ತರಲ್ಲಿ ಶಿಕ್ಷಕರು, ಬ್ಯಾಂಕ್ ನೌಕರರು, ಕಾರ್ಖಾನೆಯ ಕಾರ್ಮಿಕರು ಬಹಳ ಮಂದಿ. ಸವಲತ್ತು ಬಡವರಿಗೆ ಮಾತ್ರ ಎಂದು ಸುಮ್ಮನಿರುವವರೂ ಇವರೇ.

1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಸೆಕ್ಷನ್ ಪ್ರಕಾರ ಅವಲಂಬಿತ ಮಗುವಿಗೆ ಶೇ. 40ರಿಂದ 80ರೊಳಗಿನ ವೈಕಲ್ಯವಿದ್ದರೆ 75,000 ರೂಪಾಯಿ, 80 ಮತ್ತು ಅದಕ್ಕಿಂತ ಮೇಲಿದ್ದರೆ 1,25,000 ರೂಪಾಯಿಯನ್ನು ತೆರಿಗೆಗೊಳಪಡುವ ವರಮಾನದಿಂದ ಕಳೆಯಬಹುದು. ವರ್ಷದಲ್ಲಿ ನಿಜವಾಗಿ ಎಷ್ಟು ಖರ್ಚಾಯಿತು ಎಂಬುದಕ್ಕೆ ಇಲ್ಲಿ ಲೆಕ್ಕವಿಲ್ಲ. ಹತ್ತು ಸಾವಿರವೇ ಆಗಿದ್ದರೂ ಪೂರ್ಣ ಮೊತ್ತ ಸಲ್ಲುತ್ತದೆ. ಶೇ. 20ರ ಹಂತದಲ್ಲಿ ತೆರಿಗೆ ಕಟ್ಟುವ ಒಬ್ಬ ಉಪನ್ಯಾಸಕರಿಗೆ ಮೇಲ್ತೆರಿಗೆಯೂ ಸೇರಿ ಕ್ರಮವಾಗಿ 15,600 ಮತ್ತು 26,000 ರೂಪಾಯಿ ಉಳಿತಾಯ. ಆದರೆ ಇದು ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿ ಈ ವಿನಾಯಿತಿಯಿಲ್ಲ. ಹೊಸದರಲ್ಲಿ ದರಗಳು ಕಡಿಮೆಯಾದ್ದರಿಂದ ಎರಡನ್ನೂ ಲೆಕ್ಕ ಹಾಕಿ ನೋಡಿಯೇ ತೀರ್ಮಾನಿಸಬೇಕು. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರಚಿತವಾದ 2025ರ ಹೊಸ ಕಾಯ್ದೆಯಲ್ಲಿ ಸೆಕ್ಷನ್ನುಗಳ ಸಂಖ್ಯೆ ಬದಲಾಗಿರುವುದನ್ನೂ ಗಮನಿಸಬೇಕು. ಇನ್ನೊಂದು ಸಂಗತಿ ಹಲವು ಲೆಕ್ಕಿಗರಿಗೂ ಮರೆತುಹೋಗಿರುತ್ತದೆ: ಅಪ್ರಾಪ್ತ ಮಗುವಿನ ಹೆಸರಿನ ಠೇವಣಿಯ ಬಡ್ಡಿಯನ್ನು ತಂದೆ ಅಥವಾ ತಾಯಿಯ ವರಮಾನಕ್ಕೆ ಸೇರಿಸುವ ನಿಯಮವು ಇಂತಹ ವೈಕಲ್ಯವಿರುವ ಮಗುವಿಗೆ ಅನ್ವಯಿಸುವುದಿಲ್ಲ.

ಕೇಂದ್ರ ಸರ್ಕಾರಿ ನೌಕರರಾದ ತಾಯಂದಿರಿಗೆ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆಯುಂಟು. ಮಗುವಿಗೆ 18 ವರ್ಷ ತುಂಬುವವರೆಗೆ ಎಂಬ ಮಿತಿ ವಿಶೇಷಚೇತನ ಮಗುವಿನ ವಿಷಯದಲ್ಲಿ ಇಲ್ಲ. ನಮ್ಮ ರಾಜ್ಯದ ಮಹಿಳಾ ನೌಕರರಿಗೆ 2021ರಿಂದ 180 ದಿನಗಳ ಶಿಶುಪಾಲನಾ ರಜೆ ಇದೆ. ಹಿಮಾಚಲ ಪ್ರದೇಶದ ಕಾಲೇಜು ಅಧ್ಯಾಪಕಿಯೊಬ್ಬರು, ಮಗನ ಆರೈಕೆಗೆ ರಜೆ ಸಿಗದೆ ಹೋದಾಗ, ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2024ರ ಏಪ್ರಿಲ್ 22ರಂದು ನ್ಯಾಯಾಲಯ, ಇಂತಹ ರಜೆ ಕೇವಲ ಔದಾರ್ಯವಲ್ಲ, ದುಡಿಯುವ ಮಹಿಳೆಯ ಸಂವಿಧಾನದತ್ತ ಸಮಾನತೆಗೆ ಸೇರಿದ ಸಂಗತಿ ಎಂಬ ನಿಲುವು ತಳೆಯಿತು.

ಇನ್ನು ಕಾರ್ಖಾನೆಯ ಕಾರ್ಮಿಕರು. ಹರಿಹರ ಕೈಗಾರಿಕೆಯ ಊರು. ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದವರ ಮನೆಗಳು ಇಲ್ಲಿ ಓಣಿಗೊಂದರಂತಿವೆ. ಹೊಳೆಯಾಚೆಯ ಕುಮಾರಪಟ್ಟಣದ ಪಾಲಿಫೈಬರ್ಸ್‌ಗೆ ಇಂದಿಗೂ ನಿತ್ಯ ಹೋಗಿಬರುವವರಿದ್ದಾರೆ. ದಾವಣಗೆರೆಯ ಹತ್ತಿ ಗಿರಣಿಗಳ ಹಳೆಯ ಕಾರ್ಮಿಕರೂ ಇದ್ದಾರೆ. ಭವಿಷ್ಯನಿಧಿಗೆ ಹಣ ಕಟ್ಟಿದ ಇವರಿಗೆಲ್ಲ 1995ರ ನೌಕರರ ಪಿಂಚಣಿ ಯೋಜನೆ ಅನ್ವಯ. ಸದಸ್ಯರು ತೀರಿಕೊಂಡರೆ ಪತ್ನಿಗೆ ಪಿಂಚಣಿ, ಅದರ ನಾಲ್ಕನೆಯ ಒಂದು ಭಾಗದಷ್ಟು ಮಕ್ಕಳ ಪಿಂಚಣಿ 25 ವರ್ಷದವರೆಗೆ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು ಮುಂದಿನ ಸಾಲು: ಶಾಶ್ವತವಾಗಿ, ಪೂರ್ಣವಾಗಿ ವೈಕಲ್ಯಕ್ಕೊಳಗಾದ ಮಗ ಅಥವಾ ಮಗಳಿಗೆ ವಯಸ್ಸಿನ ಮಿತಿಯಿಲ್ಲದೆ ಆ ಪಿಂಚಣಿ ಸಲ್ಲುತ್ತದೆ.

ನನ್ನ ಭಾವನವರು ಕಾರ್ಖಾನೆಯೊಂದರಲ್ಲಿ ದುಡಿದು, ನಿವೃತ್ತಿಗೆ ಮುಂಚೆಯೇ ಲಿಂಗೈಕ್ಯರಾದರು. ಅಕ್ಕನಿಗೆ ಪಿಂಚಣಿ ಬಂದಿತು, ಮಗನ ಪಾಲೂ ಬಂದಿತು. ಅವನಿಗೆ 25 ತುಂಬಿದ ತಿಂಗಳು ಅವನ ಪಾಲು ನಿಂತಾಗ ನಾವೆಲ್ಲ ಅದು ಸಹಜವೆಂದೇ ತಿಳಿದೆವು. ಮೂರು ವರ್ಷಗಳ ತರುವಾಯ ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತಿದ್ದ ನಿವೃತ್ತ ಗುಮಾಸ್ತರೊಬ್ಬರು ಮಾತಿಗೆ ಮಾತು ಬಂದು ಈ ನಿಯಮ ತಿಳಿಸಿದರು. ಅರ್ಜಿ ಕೊಟ್ಟೆವು, ವೈದ್ಯಕೀಯ ತಪಾಸಣೆಯಾಯಿತು, ಪಿಂಚಣಿ ಮತ್ತೆ ಆರಂಭವಾಯಿತು. ಹಿಂದಿನ ಮೂರು ವರ್ಷಗಳ ಬಾಕಿಗಾಗಿ ಈಗಲೂ ಪತ್ರವ್ಯವಹಾರ ನಡೆದಿದೆ. ಅಂದು ಆ ಮದುವೆಗೆ ಹೋಗದೆ ಇದ್ದಿದ್ದರೆ ಎಂದು ಅಕ್ಕ ಈಗಲೂ ಹೇಳುತ್ತಾಳೆ.

ಸರ್ಕಾರಿ ನೌಕರರ ಕುಟುಂಬ ಪಿಂಚಣಿಯಲ್ಲಿಯೂ ದುಡಿಯಲಾರದ ವಿಕಲಚೇತನ ಮಗುವಿಗೆ ಜೀವಮಾನದ ಪಿಂಚಣಿಗೆ ಅವಕಾಶವಿದೆ. ಆದರೆ ನೌಕರನು ಬದುಕಿರುವಾಗಲೇ ಮಗುವಿನ ಹೆಸರು, ವೈಕಲ್ಯದ ವಿವರ, ಪ್ರಮಾಣಪತ್ರದ ಪ್ರತಿ ಸೇವಾ ದಾಖಲೆಯಲ್ಲಿ ಸೇರಿರಬೇಕು. ತಂದೆತಾಯಿ ಇಬ್ಬರೂ ಹೋದ ಮೇಲೆ ಇದನ್ನು ಸಾಬೀತು ಮಾಡಲು ಹೊರಡುವ ಅಣ್ಣತಮ್ಮಂದಿರ ಪಾಡು ಬೇಡ. ನಿವೃತ್ತರಾಗಿರುವವರು ಪಿಂಚಣಿ ಆದೇಶ ತೆಗೆದು ಅದರಲ್ಲಿ ಮಗುವಿನ ಹೆಸರಿದೆಯೇ ಎಂದು ಇಂದೇ ನೋಡಿಕೊಳ್ಳಿರಿ.

ಹದಿನೆಂಟು ತುಂಬಿದಾಗ

ಅತಿ ಕಡಿಮೆ ಜನರಿಗೆ ತಿಳಿದಿರುವ, ಅತಿ ಹೆಚ್ಚು ತೊಂದರೆ ಕೊಡುವ ವಿಷಯವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮಗುವಿಗೆ 18 ವರ್ಷ ತುಂಬಿದ ದಿನ ಕಾನೂನಿನ ಕಣ್ಣಿನಲ್ಲಿ ಅದು ಪ್ರಾಪ್ತ ವಯಸ್ಕ. ಅದರ ಬುದ್ಧಿ ಮೂರು ವರ್ಷದ ಕೂಸಿನದೇ ಆಗಿದ್ದರೂ, ಅದರ ಹೆಸರಿನ ಹಣವನ್ನು ತಾಯಿ ಪೋಷಕಿಯಾಗಿ ತೆಗೆಯುವ ಅಧಿಕಾರ ಅಂದಿಗೆ ಮುಗಿಯಿತು. ಬ್ಯಾಂಕಿನವರು "ಹುಡುಗನನ್ನೇ ಕರೆದುಕೊಂಡು ಬನ್ನಿ, ಸಹಿ ಹಾಕಲಿ" ಎನ್ನುತ್ತಾರೆ. ನನ್ನ ಅಳಿಯ ಕೌಂಟರಿನ ಗಾಜಿನ ಮೇಲೆ ಕೈಯಿಟ್ಟು ನಗುತ್ತ ನಿಂತಿದ್ದ, ಅಕ್ಕ ಅಳುತ್ತಿದ್ದಳು. ಆ ಬ್ಯಾಂಕಿನ ಅಧಿಕಾರಿಯನ್ನು ದೂರುವುದಿಲ್ಲ, ಅವರಿಗೆ ಕಾಗದ ಬೇಕಿತ್ತು.

ಆ ಕಾಗದದ ಹೆಸರು ಕಾನೂನುಬದ್ಧ ಪೋಷಕತ್ವದ ಪ್ರಮಾಣಪತ್ರ. ನ್ಯಾಷನಲ್ ಟ್ರಸ್ಟ್ ಕಾಯ್ದೆಯ 14ನೆಯ ಸೆಕ್ಷನ್ನಿನಂತೆ, ಮೇಲೆ ಹೇಳಿದ ಅದೇ ನಾಲ್ಕು ಬಗೆಯ ವೈಕಲ್ಯಗಳಿಗೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಇದನ್ನು ಕೊಡುತ್ತದೆ. ನ್ಯಾಯಾಲಯಕ್ಕೆ ಹೋಗಬೇಕಾಗಿಲ್ಲ, ವಕೀಲರ ಶುಲ್ಕವೂ ಇಲ್ಲ. ಇದನ್ನು ಮಾನ್ಯ ಮಾಡುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ತಿಳಿಸಿದೆ. ಹದಿನೇಳು ದಾಟುತ್ತಿದ್ದಂತೆ ದಾಖಲೆಗಳನ್ನು ಸಿದ್ಧಮಾಡಿಕೊಂಡರೆ ಮಾಸಾಶನ, ಪಿಂಚಣಿ ಯಾವುದೂ ನಡುವೆ ನಿಲ್ಲುವುದಿಲ್ಲ. ಇತರ ಬಗೆಯ ವೈಕಲ್ಯಗಳಿಗೆ 2016ರ ಕಾಯ್ದೆಯಲ್ಲಿ ಸೀಮಿತ ಪೋಷಕತ್ವ ಎಂಬ ಬೇರೆ ದಾರಿಯಿದೆ.

ಆಸ್ತಿಯ ವಿಷಯವೂ ಇಲ್ಲಿಯೇ ಬರುತ್ತದೆ. "ಅವನಿಗೇನು ಗೊತ್ತಾಗ್ತದೆ, ಅವನ ಪಾಲು ಅಣ್ಣಂದಿರೇ ನೋಡಿಕೊಳ್ಳಲಿ" ಎಂದು ಪಾಲುಪಟ್ಟಿಯಿಂದ ಹೆಸರು ಕೈಬಿಡುವುದನ್ನು ಕಂಡಿದ್ದೇನೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೆಯ ಸೆಕ್ಷನ್ನಿನಂತೆ ರೋಗ ಅಥವಾ ಅಂಗವೈಕಲ್ಯದ ಕಾರಣದಿಂದ ಯಾರೂ ವಾರಸುದಾರಿಕೆ ಕಳೆದುಕೊಳ್ಳುವುದಿಲ್ಲ. ಉಯಿಲು ಬರೆಯುವವರು ಆ ಮಗುವಿನ ಪಾಲನ್ನೂ, ಅದನ್ನು ಯಾರು ಹೇಗೆ ನಿರ್ವಹಿಸಬೇಕೆಂಬುದನ್ನೂ ಸ್ಪಷ್ಟವಾಗಿ ಬರೆದಿಡಬೇಕು.

ಎಲ್ಲಿಂದ ಆರಂಭಿಸಬೇಕೆಂದು ತೋಚದವರು ತಮ್ಮ ಗ್ರಾಮ ಪಂಚಾಯಿತಿಯಲ್ಲಿರುವ ವಿ.ಆರ್.ಡಬ್ಲ್ಯು. ಎಂಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಮೊದಲು ಕಾಣಬೇಕು. ಅವರೂ ಹೆಚ್ಚಾಗಿ ವಿಕಲಚೇತನರೇ ಆಗಿರುವುದರಿಂದ ಕಷ್ಟ ಅರಿಯುತ್ತಾರೆ. ಪಟ್ಟಣದಲ್ಲಿ ನಗರ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಗ್ರಾಮ ಪಂಚಾಯಿತಿ, ನಗರಸಭೆ, ಮಹಾನಗರ ಪಾಲಿಕೆಗಳು ತಮ್ಮ ಸ್ವಂತ ಸಂಪನ್ಮೂಲದ ಶೇ. 5ರಷ್ಟನ್ನು ವಿಕಲಚೇತನರಿಗಾಗಿಯೇ ವೆಚ್ಚ ಮಾಡಬೇಕೆಂಬ ನಿಯಮವಿರುವುದರಿಂದ ಅಲ್ಲಿಯೂ ಒಂದು ಅರ್ಜಿ ಕೊಡಿರಿ.

ಶ್ರೀಮಠದ ಕಾರ್ಯಾಲಯದಲ್ಲಿ ಅಮಾವಾಸ್ಯೆಯ ದಿನ ಮಧ್ಯಾಹ್ನ ದಾಸೋಹದ ತರುವಾಯ ಅರ್ಜಿ ತುಂಬಿಕೊಡಲು ಇಬ್ಬರು ವಿದ್ಯಾರ್ಥಿಗಳು ಕುಳಿತಿರುತ್ತಾರೆ. ಮಗುವಿನ ಆಧಾರ್, ಎರಡು ಭಾವಚಿತ್ರ, ಆಸ್ಪತ್ರೆಯ ಹಳೆಯ ಚೀಟಿಗಳನ್ನು ತನ್ನಿರಿ. ಮೇಲೆ ಹೇಳಿದ ಆ ತಾಯಿ ಕಳೆದ ತಿಂಗಳು ಮಗನನ್ನು ಎತ್ತಿಕೊಂಡು ಮತ್ತೆ ಬಂದಿದ್ದರು. ಈ ಸಲ ಜೊತೆಯಲ್ಲಿ ದೊಡ್ಡ ಮಗಳೂ ಇದ್ದಳು. ತಮ್ಮನ ಅರ್ಜಿಯನ್ನು ತನ್ನ ಕೈಯಾರೆ ತುಂಬಿದವಳು ಆಕೆಯೇ.